ಎಸ್‌ಎಸ್‌ಪಿ ಸ್ಕಾಲರ್‌ಶಿಪ್ ಪೋರ್ಟಲ್: ಐದಕ್ಕೆ ಮೂರೂವರೆ

ಸಕಲೇಶಪುರ, ಮೂಡಿಗೆರೆ ಕಡೆಯ ತೋಟದ ಲೈನ್ ಮನೆಗಳಿಂದ ಹಾಸನಕ್ಕೆ ಡಿಗ್ರಿ ಓದಲು ಬರುವ ಮಕ್ಕಳಿಗೆ ರಾಜ್ಯ ಸರ್ಕಾರದ ಈ ಪೋರ್ಟಲ್ ದೊಡ್ಡ ಆಸರೆ. ಅರ್ಜಿಗೆ ಶುಲ್ಕವಿಲ್ಲ. ಒಂದು ಅರ್ಜಿ ತುಂಬಿದರೆ ಸಮಾಜ ಕಲ್ಯಾಣವೋ ಹಿಂದುಳಿದ ವರ್ಗವೋ, ಸಂಬಂಧಪಟ್ಟ ಇಲಾಖೆಗೆ ಅದೇ ಹೋಗುತ್ತದೆ. ಆದರೆ ಅಡ್ಮಿಷನ್ ದಿನಕ್ಕೆ ಈ ದುಡ್ಡನ್ನು ನೆಚ್ಚಬೇಡಿ. ಸಂಘದ ಸಾಲವೋ ಕೈಗಡವೋ ಮಾಡಿ ಫೀಸು ಕಟ್ಟಿ, ಇದು ಬಂದಾಗ ತೀರಿಸುವ ಲೆಕ್ಕ ಹಾಕಿಕೊಳ್ಳಿ. ದುಡ್ಡು ಹೀಗೆ ತಡವಾಗುವುದಕ್ಕೆ ಅರ್ಧ ಅಂಕ ಕಡಿತ, ಮುಂದೆ ಹೇಳುವ ತೊಡಕುಗಳಿಗೆ ಇನ್ನೊಂದು.

ಅರ್ಜಿ ಮೊದಲು ಕೆಡುವುದು ಮೊಬೈಲ್ ನಂಬರಿನಲ್ಲಿ. ತೋಟದಲ್ಲಿ ಅಪ್ಪನ ಫೋನಿಗೆ ಸಿಗ್ನಲ್ ಇಲ್ಲವೆಂದು ಸೈಬರ್‌ನವರು ತಮ್ಮದೇ ನಂಬರ್ ಹಾಕಿ ಖಾತೆ ತೆರೆದುಬಿಡುತ್ತಾರೆ. ಮುಂದಿನ ವರ್ಷ ಪಾಸ್‌ವರ್ಡ್ ಮರೆತರೆ ಓಟಿಪಿ ಅವರ ಫೋನಿಗೇ! ಅಂಗಡಿ ಮುಚ್ಚಿದ್ದರೆ ಕಥೆ ಮುಗಿಯಿತು. ವಿದ್ಯಾರ್ಥಿಯ ಸ್ವಂತ ಸಿಮ್ ಹಾಕಿಸಿ, ಐಡಿ, ಪಾಸ್‌ವರ್ಡನ್ನು ಮಾರ್ಕ್ಸ್ ಕಾರ್ಡ್ ಇಡುವ ಕವರಿನ ಮೇಲೆ ಬರೆದಿಡಿ.

ಜಾತಿ ಪ್ರಮಾಣಪತ್ರ ವಿದ್ಯಾರ್ಥಿಯ ಹೆಸರಲ್ಲೇ ಇರಬೇಕು. ಆಧಾರ್, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ನಾಡಕಚೇರಿಯ ಪತ್ರ, ಮೂರರಲ್ಲೂ ಇನಿಶಿಯಲ್ ಸಮೇತ ಹೆಸರು ತಾಳೆಯಾಗಬೇಕು. ಆದಾಯ ಪತ್ರಕ್ಕೆ ಐದು ವರ್ಷ ಆಯಸ್ಸು. ಪಿಯುಸಿಗೆಂದು ಮಾಡಿಸಿದ್ದು ಡಿಗ್ರಿ ಕೊನೆಯ ವರ್ಷಕ್ಕೆ ಮುಗಿಯುವುದುಂಟು, ಪತ್ರದ ಮೇಲಿರುವ ಆರ್‌ಡಿ ನಂಬರನ್ನು ಅರ್ಜಿಯಲ್ಲಿ ಒತ್ತುವ ಮುಂಚೆ ದಿನಾಂಕ ನೋಡಿ. ದಾಖಲೆ ಅಸಲಿಯೆಂದು ಆನ್‌ಲೈನಿನಲ್ಲಿ ಒಪ್ಪಿಸುವ ಇ-ದೃಢೀಕರಣಕ್ಕೆ ಮೂಲ ದಾಖಲೆ ಹಿಡಿದು ಕಾಲೇಜಿನ ಅಧಿಕಾರಿ ಹತ್ತಿರವೇ ಹೋಗಬೇಕು. ಕೊನೆಯ ವಾರ ಅಲ್ಲಿ ಜಾತ್ರೆ.

ಬಹಳ ಜನ ಎಡವುವುದು ಬ್ಯಾಂಕಿನಲ್ಲಿ. ಪಾಸ್‌ಬುಕ್ಕಿಗೆ ಆಧಾರ್ ಕೊಟ್ಟಿದ್ದೇವೆ ಅಂದರೆ ಸಾಲದು, ಅದು ಗುರುತಿಗೆ ಕೊಡುವ ಬರೀ ಕೆವೈಸಿ. ಸರ್ಕಾರದ ದುಡ್ಡು ಬೀಳಲು ಆಧಾರನ್ನು ಒಂದು ಖಾತೆಗೆ ಜೋಡಿಸುವ ಎನ್‌ಪಿಸಿಐ ಮ್ಯಾಪಿಂಗ್ ಬೇರೆ, ಅದಕ್ಕೆ ಬೇರೆಯೇ ಅರ್ಜಿ ಕೊಡಬೇಕು. ಕೊನೆಯ ಸಲ ಯಾವ ಖಾತೆಗೆ ಮ್ಯಾಪ್ ಆಗಿದೆಯೋ ದುಡ್ಡು ಅಲ್ಲಿಗೇ ಬೀಳುತ್ತದೆ. ಎರಡು ವರ್ಷ ವಹಿವಾಟು ನಡೆಸದ ಖಾತೆ ನಿಷ್ಕ್ರಿಯವಾಗುತ್ತದೆ, ನೂರು ರೂಪಾಯಿಯಾದರೂ ಹಾಕಿ ತೆಗೆಯುತ್ತಿರಿ. ಬ್ಯಾಂಕ್ ದೂರವಾದರೆ ಪೋಸ್ಟ್‌ಮ್ಯಾನ್ ಹತ್ತಿರ ಅಂಚೆ ಪೇಮೆಂಟ್ಸ್ ಬ್ಯಾಂಕ್ ಖಾತೆ ಮಾಡಿಸಬಹುದು. ಹಣದ ಸ್ಥಿತಿ ಡಿಬಿಟಿ ಕರ್ನಾಟಕ ಆಪ್‌ನಲ್ಲಿ ಕಾಣುತ್ತದೆ.

ಹಾಸ್ಟೆಲ್ ಸೀಟು ಸಿಗದ ಹಿಂದುಳಿದ ವರ್ಗದವರು ಊಟ, ವಸತಿಗೆ ನೆರವು ಕೊಡುವ ವಿದ್ಯಾಸಿರಿಗೂ ಹಾಕಿ: ಶುರುವಿನಲ್ಲಿ ನಿಗದಿ ಮಾಡಿದ್ದು ತಿಂಗಳಿಗೆ 1,500ರಂತೆ ಹತ್ತು ತಿಂಗಳು, ಒಟ್ಟು 15,000. ರೈತರ ಮಕ್ಕಳಿಗೆ 2021ರಲ್ಲಿ ಶುರುವಾದ ರೈತ ವಿದ್ಯಾನಿಧಿಯಲ್ಲಿ ಪಿಯುಸಿ ಹುಡುಗರಿಗೆ 2,500, ಹುಡುಗಿಯರಿಗೆ 3,000 ನಿಗದಿ ಮಾಡಿದ್ದರು. ಅದಕ್ಕೆ ಫ್ರೂಟ್ಸ್ ಐಡಿ, ಅಂದರೆ ಜಮೀನಿನ ಲೆಕ್ಕದ ಮೇಲೆ ಸಿಗುವ ರೈತ ನೋಂದಣಿ ಸಂಖ್ಯೆ ಬೇಕು. ಪಹಣಿ ಇನ್ನೂ ತಾತನ ಹೆಸರಲ್ಲೇ ಕೂತಿದ್ದರೆ ಅಪ್ಪ ಎಷ್ಟು ಆಲೂಗಡ್ಡೆ ಬೆಳೆದರೂ ಸರ್ಕಾರದ ಲೆಕ್ಕದಲ್ಲಿ ಜಮೀನಿಲ್ಲ. ತೀರಿಕೊಂಡವರ ಜಮೀನು ವಾರಸುದಾರರ ಹೆಸರಿಗೆ ಬರುವ ಪೌತಿ ಖಾತೆ ಮೊದಲು ಮಾಡಿಸಿ.