ಪುಣೆಯ ಟ್ರಾಫಿಕ್‌ಗೆ ಯಾವುದು: ಬಸ್ ಪಥ, ಪಾರ್ಕಿಂಗ್ ಶುಲ್ಕ, ಪ್ರವೇಶ ಶುಲ್ಕ?

ವಾರ್ಡ್ ಸಭೆಯಲ್ಲಿ ಏನು ಕೇಳೋಣ ಎಂದು ಯೋಚಿಸುವ ಪುಣೆಯ ಕನ್ನಡಿಗರು ಮೊದಲು ನೋಡಬೇಕಾದ್ದು: ಹೊರೆ ಯಾರಿಗೆ, ಲಾಭ ಯಾರಿಗೆ?

ಪ್ರವೇಶ ಶುಲ್ಕವನ್ನು, ಅಂದರೆ ನಗರದ ದಟ್ಟಣೆಯ ಭಾಗಕ್ಕೆ ಬರುವ ವಾಹನಗಳ ಮೇಲಿನ ಶುಲ್ಕವನ್ನು, ಸಿಂಗಪುರ 1975ರಲ್ಲಿ, ಲಂಡನ್ 2003ರಲ್ಲಿ ತಂದವು. ಲಂಡನ್ ಜೊತೆಗೇ ಬಸ್ಸುಗಳನ್ನೂ ಹೆಚ್ಚಿಸಿತು. ಬಸ್ ಇಲ್ಲದೆ ಶುಲ್ಕ ಹಾಕಿದರೆ ಕಾರು ಬಿಟ್ಟವರು ಸ್ಕೂಟರ್ ಹತ್ತುತ್ತಾರೆ, ಅಷ್ಟೆ. ಮುಂಬೈಯಲ್ಲಂತೂ 2024ರ ಅಕ್ಟೋಬರಿನಲ್ಲಿ ಐದು ಪ್ರವೇಶ ನಾಕಾಗಳಲ್ಲಿ ಲಘು ವಾಹನಗಳ ಟೋಲನ್ನೇ ತೆಗೆದರು.

ಬಸ್ಸಿಗೇ ಮೀಸಲಾದ ಬಸ್ ಪಥದ್ದು ಸರಳ ಲೆಕ್ಕ. ಗಂಟೆಗೆ 60 ಬಸ್, ತಲಾ 50 ಜನ ಎಂದರೆ 3000. ಅದೇ ಪಥದಲ್ಲಿ ಸಾವಿರ ಕಾರು ಹೋದರೂ, ಕಾರಿಗೆ ಒಂದೂವರೆ ಜನ ಎಂದರೆ 1500 ಮಾತ್ರ. ಆದರೆ ಹತ್ತೇ ಬಸ್ ಓಡಿಸಿದರೆ ಲೆಕ್ಕ ತಲೆಕೆಳಗು: ಖಾಲಿ ಪಥ ಕಂಡ ಬೈಕುಗಳು ನುಗ್ಗುತ್ತವೆ, ತಡೆಯುವ ವಾರ್ಡನ್ ಇರುವುದಿಲ್ಲ, ಕಾರಿನವರು ಪಥವನ್ನೇ ಬೈಯುತ್ತಾರೆ. 2006ರಲ್ಲಿ ಬಿಆರ್‌ಟಿ (ಮೀಸಲು ಪಥದ ವೇಗದ ಬಸ್ ವ್ಯವಸ್ಥೆ) ಶುರುಮಾಡಿದ ಪುಣೆಯೇ ಮುಂದೆ ‘ನಗರ್ ರೋಡ್’ ಎಂಬ ರಸ್ತೆಯ ಪಥವನ್ನು ಕಿತ್ತುಹಾಕಿತು. ಪಥ ಕೇಳುವವರು ಬಸ್ಸಿನ ಸಂಖ್ಯೆಯನ್ನೂ ಬರವಣಿಗೆಯಲ್ಲಿ ಕೇಳಲಿ.

ಪಾರ್ಕಿಂಗ್ ಶುಲ್ಕಕ್ಕೆ, ಪ್ರವೇಶ ಶುಲ್ಕದ ಹಾಗೆ ವಾಹನ ಗುರುತಿಸುವ ಕ್ಯಾಮೆರಾ ಕಮಾನು ಬೇಡ, ಬಸ್ಸಿನಲ್ಲಿ ಹೋಗುವವರಿಗೆ ಹೊರೆಯೂ ಇಲ್ಲ. ನಮ್ಮ ಮತ ಮೊದಲು ಇದಕ್ಕೇ. ದಟ್ಟಣೆಯ ಹೊತ್ತಿಗೆ ದರ ಹೆಚ್ಚು, ಅಂಗವಿಕಲರಿಗೆ ವಿನಾಯಿತಿ, ಉಡುಪಿ ಹೋಟೆಲಿಗೆ ಹಾಲು-ತರಕಾರಿ ಇಳಿಸುವ ಟೆಂಪೋಗೆ 20 ನಿಮಿಷದ ಉಚಿತ ಜಾಗ ಇರಲಿ. ಒಂದು ಬೀದಿಗೆ ಮಾತ್ರ ಶುಲ್ಕ ಹಾಕಿದರೆ ವಾಹನಗಳು ಪಕ್ಕದ ಗಲ್ಲಿಗೆ ಸರಿಯುತ್ತವೆ. ಇಡೀ ಪ್ರದೇಶಕ್ಕೆ ಒಟ್ಟಿಗೆ ಹಾಕಬೇಕು.