ಎರಡೂವರೆ ವರ್ಷ ರಾಯಲ್ ಕ್ಯಾನಿನ್ ಇಂಡೋರ್ 27 ಹಾಕಿದ ಮೇಲೆ

ನಮ್ಮ ಗಂಡು ಬೆಕ್ಕು ಕೆಂಚನಿಗೆ ಈಗ ಐದು ವರ್ಷ. ಚಿಕ್ಕಮಗಳೂರಿನಲ್ಲಿ ನಮ್ಮದು ಮಹಡಿ ಮನೆ. ಕೆಳಗೆ ರಸ್ತೆ, ಬೀದಿನಾಯಿಗಳ ಕಾಟ ಬೇರೆ. ಅದಕ್ಕೇ ಅವನನ್ನು ಹೊರಗೆ ಬಿಡುವುದಿಲ್ಲ. ಸಂತಾನಹರಣದ ಆಪರೇಷನ್ ಆದ ಒಂದೇ ವರ್ಷಕ್ಕೆ 4.2 ಕೆಜಿ ಇದ್ದವನು 5.8 ಆದ. ಮೈ ಸವರಿದರೆ ಪಕ್ಕೆಲುಬು ಕೈಗೆ ಸಿಗುತ್ತಿರಲಿಲ್ಲ. ಕಿಟಕಿ ಕಟ್ಟೆಯ ಕೆಳಗೆ ನಿಂತು, ಹಿಂಗಾಲು ಮಡಚಿ, ಮೇಲೆ ನೋಡಿ, ಹಾರದೆ ಅಲ್ಲೇ ಕೂತುಬಿಡುತ್ತಿದ್ದ. ನೋಡಿ ತುಂಬ ಬೇಜಾರಾಗುತ್ತಿತ್ತು.

ಮನೆಯೊಳಗೇ ಇರುವ, ಆಪರೇಷನ್ ಆದ ಬೆಕ್ಕಿಗೆ ಕಡಿಮೆ ಕ್ಯಾಲೊರಿ ಸಾಕು ಅಂದರು ಡಾಕ್ಟರು. ಆದರೆ ಒಮ್ಮೆಲೇ ಉಪವಾಸ ಕೆಡವಬಾರದು. ದಪ್ಪ ಬೆಕ್ಕು ಊಟ ಬಿಟ್ಟರೆ ಲಿವರಿಗೆ ಕೊಬ್ಬು ತುಂಬಿಕೊಂಡು ಜೀವಕ್ಕೇ ಅಪಾಯವಂತೆ. ಆಗ ರಾಯಲ್ ಕ್ಯಾನಿನ್ ಕಂಪನಿಯವರು ಮನೆಯೊಳಗಿರುವ ಬೆಕ್ಕುಗಳಿಗೆ ಮಾಡುವ ಒಣ ಫುಡ್ ಇಂಡೋರ್ 27 ಶುರು ಮಾಡಿದೆ. 27 ಅಂದರೆ ಪ್ರೋಟೀನಿನ ಶೇಕಡಾವಾರು. 1ರಿಂದ 7 ವರ್ಷದ ಬೆಕ್ಕುಗಳಿಗೆ ಮಾಡಿದ್ದು. ಹಳೇ ಫುಡ್ ಜೊತೆ ದಿನಾ ಸ್ವಲ್ಪ ಸ್ವಲ್ಪ ಬೆರೆಸಿ ಹತ್ತು ದಿನದಲ್ಲಿ ಬದಲಾಯಿಸಿದೆ. ಹೊಟ್ಟೆ ಕೆಡಲಿಲ್ಲ.

ಅಮ್ಮನಿಗೆ ಇದು ಹಿಡಿಸಲಿಲ್ಲ. "ನಾವೆಲ್ಲ ಹಾಲು ಅನ್ನ ಹಾಕಿ ಬೆಕ್ಕು ಸಾಕಿಲ್ವೇನೋ?" ಅಂದರು. ಸಾಕಿದ್ದು ನಿಜ. ಆದರೆ ಆ ಬೆಕ್ಕುಗಳು ಅಟ್ಟ, ತೋಟ ಸುತ್ತಿ ಇಲಿ ಹಿಡಿದು ತಿನ್ನುತ್ತಿದ್ದವು. ಕೆಂಚನಿಗೆ ಇಲಿ ಎಲ್ಲಿಂದ ಬರಬೇಕು? ಮಾಂಸದಲ್ಲಿರುವ ಟಾರಿನ್ ಅನ್ನೋ ಪೋಷಕಾಂಶ ಸಿಗದಿದ್ದರೆ ಬೆಕ್ಕಿನ ಹೃದಯ, ಕಣ್ಣು ಎರಡೂ ಕೆಡುತ್ತವೆ. ನೀವು ಯಾವ ಕಂಪನಿಯದ್ದು ತಗೊಂಡರೂ ಪ್ಯಾಕೆಟ್ ಹಿಂದೆ ಟಾರಿನ್ ಇದೆಯಾ, ದೊಡ್ಡ ಬೆಕ್ಕಿನ ಸಂಪೂರ್ಣ ಆಹಾರ ಅಂತ ಬರೆದಿದೆಯಾ ನೋಡಿ.

ಕೂದಲು ಉಂಡೆ ವಾಂತಿ ಮೊದಲು ವಾರಕ್ಕೊಮ್ಮೆ ಇತ್ತು, ಈಗ ಎರಡು ತಿಂಗಳಿಗೊಮ್ಮೆ. ಇದರಲ್ಲಿ ನಾರಿನಂಶ ಇರುವುದರಿಂದ ಇರಬೇಕು. ಅವನು ಮಲ ಮೂತ್ರ ಮಾಡುವ ಲಿಟ್ಟರ್ ಟ್ರೇ ವಾಸನೆಯೂ ತಗ್ಗಿದೆ, ಪೂರ್ತಿ ಹೋಗಿಲ್ಲ.

ತೂಕ ಇಳಿಸಿದ್ದು ಮಾತ್ರ ಅಡುಗೆಮನೆಯ ತಕ್ಕಡಿ. ಲೋಟದಲ್ಲಿ ಅಳೆದರೆ ದಿನಕ್ಕೊಂದು ಲೆಕ್ಕ ಆಗುತ್ತೆ. ಡಾಕ್ಟರು ಹೇಳಿದಂತೆ ಬೆಳಿಗ್ಗೆಯೇ 45 ಗ್ರಾಂ ತೂಗಿ ಸಣ್ಣ ಡಬ್ಬಿಗೆ ಹಾಕಿಡುತ್ತೇನೆ. ಇಡೀ ದಿನಕ್ಕೆ ಅಷ್ಟೇ. ನಾಲ್ಕು ಸಲ ಕೊಡುತ್ತೇವೆ. 14 ತಿಂಗಳಲ್ಲಿ 4.6ಕ್ಕೆ ಬಂದ. ಈಗ ಕಿಟಕಿ ಕಟ್ಟೆ ಮತ್ತೆ ಅವನದೇ.

ನೀರಿನ ವಿಷಯ ದಯವಿಟ್ಟು ಹಗುರಾಗಿ ತಗೋಬೇಡಿ. ಒಣ ಫುಡ್ಡಿನಲ್ಲಿ ನೀರಿನಂಶ ನೂರಕ್ಕೆ ಹತ್ತರಷ್ಟು ಅಷ್ಟೇ. ಬೆಕ್ಕಿಗೆ ಮೊದಲೇ ಬಾಯಾರಿಕೆ ಕಡಿಮೆ. ನಮ್ಮನೆಯಲ್ಲಿ ಊಟದ ತಟ್ಟೆಯಿಂದ ದೂರ ಮೂರು ಕಡೆ ನೀರಿಟ್ಟಿದ್ದೇವೆ. ವಾರಕ್ಕೆರಡು ರಾತ್ರಿ ಉಪ್ಪು, ಈರುಳ್ಳಿ ಹಾಕದೆ ಬೇಯಿಸಿದ ಕೋಳಿ, ಬೇಯಿಸಿದ ನೀರಿನ ಸಮೇತ. ಗಂಡು ಬೆಕ್ಕು ಪದೇ ಪದೇ ಟ್ರೇಗೆ ಹೋಗಿ ಮೂತ್ರ ಬರದೆ ಒದ್ದಾಡಿದರೆ ಬೆಳಗಾಗಲಿ ಅಂತ ಕಾಯಬೇಡಿ, ಆಗಲೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ನಮ್ಮ ಊರಿನ ಮಳೆಗಾಲವೇ ದೊಡ್ಡ ತೊಂದರೆ. ಮೊದಲ ವರ್ಷ ಒಂದು ಅಂಗಡಿಯಲ್ಲಿ ಬಿಚ್ಚಿದ ಮೂಟೆಯಿಂದ ಒಂದು ಕೆಜಿ ತೂಗಿಸಿ ತಂದಿದ್ದೆ. ಕಾಳು ಬೆರಳಲ್ಲಿ ಒತ್ತಿದರೆ ಮೆತ್ತಗೆ, ಮೂಗಿಗೆ ಮುಗ್ಗಲು ವಾಸನೆ. ಕೆಂಚ ಮೂಸಿ ತಿರುಗಿ ಹೋದ. ಅವತ್ತಿನಿಂದ ಬಿಡಿಯಾಗಿ ತಂದಿಲ್ಲ. ಬೇಸಿಗೆಯಲ್ಲಿ 2 ಕೆಜಿ ಪ್ಯಾಕೆಟ್, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 400 ಗ್ರಾಂನದ್ದು. ಪ್ಯಾಕೆಟ್ ಸಮೇತ ಬಿಗಿ ಮುಚ್ಚಳದ ಸ್ಟೀಲ್ ಡಬ್ಬದಲ್ಲಿಡುತ್ತೇನೆ. ಸಣ್ಣ ಪ್ಯಾಕೆಟ್ ಲೆಕ್ಕ ಹಾಕಿದರೆ ದುಬಾರಿಯೇ, ಆದರೆ ಎಸೆಯುವುದು ತಪ್ಪಿದೆ.

ಮರಿಗಳಿಗೆ, ಕಿಡ್ನಿ ಅಥವಾ ಮೂತ್ರದ ಕಲ್ಲಿನ ತೊಂದರೆ ಇರುವ ಬೆಕ್ಕಿಗೆ ಇದಲ್ಲ, ಅದಕ್ಕೆ ಬೇರೆಯೇ ಫುಡ್ ಇದೆ. ಕೆಂಚನಿಗೆ ಇನ್ನೆರಡು ವರ್ಷ ಇದನ್ನೇ ಮುಂದುವರಿಸುತ್ತೇನೆ.