ಮಾಚಾ ಕುಕೀಸ್ ಪೊಟ್ಟಣ: ಪುಡಿಗೆ ಎಂಟು ಅಂಕ, ಹಿಟ್ಟಿಗೆ ಮೂರು

ಅಣ್ಣನ ಮಗಳಿಗೆ ಸಿಲಿಯಾಕ್ ಕಾಯಿಲೆ (ಗೋದಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನು ಕರುಳಿಗೆ ಆಗದ ಕಾಯಿಲೆ) ಇದೆಯೆಂದು ವೈದ್ಯರು ಹೇಳಿದ ದಿನದಿಂದ ನಮ್ಮ ಮನೆಯಿಂದ ಗೋದಿ ಹೊರಬಿದ್ದು ಈಗ ಒಂದೂವರೆ ವರ್ಷವಾಯಿತು. ಊಟದ ಮಟ್ಟಿಗೆ ವಿಜಯಪುರದವರಿಗೆ ಇದು ದೊಡ್ಡ ಕಷ್ಟವೇನಲ್ಲ. ಜೋಳದ ರೊಟ್ಟಿ, ಸಜ್ಜೆ ರೊಟ್ಟಿ, ಜೋಳದ ನುಚ್ಚು, ಅನ್ನ ಇವುಗಳಲ್ಲಿ ಯಾವುದರಲ್ಲೂ ಗ್ಲುಟೆನ್ ಇಲ್ಲ. ಕಷ್ಟ ಬರುವುದು ಸಂಜೆಯ ಚಹಾದ ಹೊತ್ತಿಗೆ. ಖಾರಿ, ಟೋಸ್ಟು, ಬಿಸ್ಕೀಟು ಎಲ್ಲವೂ ಮೈದಾದ ಸಂತಾನ. ಹನ್ನೊಂದು ವರ್ಷದ ಹುಡುಗಿ ಎಲ್ಲಿಯೋ ಹಸಿರು ಬಣ್ಣದ ಕುಕೀಸ್ ಚಿತ್ರ ನೋಡಿ ‘ನನಗ ಇಂಥವು ಬೇಕ್ರಿ ಕಾಕಾ’ ಎಂದಾಗ, ಗಾಂಧಿ ಚೌಕದ ಸುತ್ತಮುತ್ತಲ ಅಂಗಡಿಗಳಲ್ಲಿ ಆ ಹಸಿರಿಗೆ ಬೇಕಾದ ಮಾಚಾ ಎಂಬ ಜಪಾನಿ ಹಸಿರು ಚಹಾದ ಪುಡಿಯನ್ನು ಕೇಳಿ ಬರಿಗೈಯಲ್ಲಿ ಮರಳಿದ ಮೇಲೆ, ಮನೆಯಲ್ಲೇ ಬೇಯಿಸಿಕೊಳ್ಳುವಂಥ ಸಿದ್ಧ ಮಿಶ್ರಣದ ಎರಡು ಪೊಟ್ಟಣಗಳನ್ನು ಆನ್‌ಲೈನಿನಲ್ಲಿ ತರಿಸಿದೆ. ಪೊಟ್ಟಣದ ಹೆಸರನ್ನು ಇಲ್ಲಿ ಬೇಕೆಂದೇ ಬರೆದಿಲ್ಲ; ನಾನು ಕಂಡ ದೋಷ ನನಗೆ ಬಂದ ಸರಕಿನದಷ್ಟೇ ಆಗಿರಬಹುದು, ಮಾಡುವವರೂ ಸಣ್ಣ ಬಂಡವಾಳದವರು. ಆದರೆ ಇಂಥ ಮಿಶ್ರಣಗಳೆಲ್ಲ ಹೆಚ್ಚುಕಡಿಮೆ ಒಂದೇ ಅಚ್ಚಿನವು, ಆದ್ದರಿಂದ ಈ ಅನುಭವ ಬೇರೆಯವರಿಗೂ ಉಪಯೋಗಕ್ಕೆ ಬಂದೀತು.

ಒಂದು ಪೊಟ್ಟಣಕ್ಕೆ 690 ರೂಪಾಯಿ. ಒಳಗೆ ಅಕ್ಕಿ ಹಿಟ್ಟು, ಮರಗೆಣಸಿನ ಪಿಷ್ಟ, ಸಕ್ಕರೆ, ಉಪ್ಪು ಮತ್ತು ಹಿಟ್ಟಿಗೆ ಹಿಡಿತ ಕೊಡುವ ಕ್ಸಾಂಥಾನ್ ಗಮ್ ಎಂಬ ಅಂಟು ಸೇರಿಸಿದ ಹಿಟ್ಟಿನ ಎರಡು ಚೀಲಗಳೂ, 8 ಗ್ರಾಂ ತೂಕದ ಮಾಚಾದ ಎರಡು ಚಿಕ್ಕ ಪಾಕೀಟುಗಳೂ ಇವೆ. ಬೆಣ್ಣೆ ನಮ್ಮದು. ಒಂದು ಚೀಲ, ಒಂದು ಪಾಕೀಟು ಸೇರಿದರೆ 24 ಬಿಸ್ಕೀಟು. ಎರಡು ಪೊಟ್ಟಣ ತರಿಸಿದ್ದರಿಂದ ನಾಲ್ಕು ಸಲ ಮಾಡಿ ನೋಡಲು ಸಾಧ್ಯವಾಯಿತು, ಮತ್ತು ಆ ನಾಲ್ಕೂ ಸಲ ಬೇಕಾದವು.

ಮೊದಲು ಮಾಚಾದ ಮಾತು, ಏಕೆಂದರೆ ಈ ಪೊಟ್ಟಣದಲ್ಲಿ ಹಣಕ್ಕೆ ತಕ್ಕ ವಸ್ತು ಅದೊಂದೇ. ಮಾಚಾ ಎಂದರೆ ಹಸಿರು ಚಹಾದ ಎಲೆಯನ್ನು ಸುಮ್ಮನೆ ಕುಟ್ಟಿ ಮಾಡಿದ ಪುಡಿಯಲ್ಲ. ಜಪಾನಿನಲ್ಲಿ ಕೊಯ್ಲಿಗೆ ಸುಮಾರು ಮೂರು ವಾರ ಮೊದಲೇ ಚಹಾ ಗಿಡಗಳ ಮೇಲೆ ಚಪ್ಪರ ಹೊದಿಸಿ ಬಿಸಿಲನ್ನು ತಡೆಯುತ್ತಾರೆ. ನೆರಳಿನಲ್ಲಿ ಬೆಳೆದ ಎಲೆ ಹೆಚ್ಚು ಪತ್ರಹರಿತ್ತನ್ನು ತುಂಬಿಕೊಂಡು ಕಡುಹಸಿರಾಗುತ್ತದೆ, ಥಿಯಾನಿನ್ ಎಂಬ ಅಮೈನೋ ಆಮ್ಲವೂ ಅದರಲ್ಲಿ ಉಳಿದುಕೊಳ್ಳುವುದರಿಂದ ಕಹಿಯ ಜೊತೆಗೆ ಒಂದು ಬಗೆಯ ಸವಿ ಬರುತ್ತದೆ. ಕೊಯ್ದ ಎಲೆಗಳನ್ನು ಹಬೆಯಲ್ಲಿ ಬಾಡಿಸಿ, ಒಣಗಿಸಿ, ದೇಟು ಮತ್ತು ನರಗಳನ್ನು ತೆಗೆದರೆ ಉಳಿಯುವುದಕ್ಕೆ ಅಲ್ಲಿ ತೆಂಚಾ ಎನ್ನುತ್ತಾರೆ. ಅದನ್ನು ಬೀಸುಕಲ್ಲಿನಲ್ಲಿ ಬೀಸಿದರೆ ಮಾಚಾ. ಒಂದು ಕಲ್ಲು ಗಂಟೆಗೆ 40 ಗ್ರಾಂ ಪುಡಿ ಕೊಟ್ಟರೆ ಹೆಚ್ಚು. ಜೋರಾಗಿ ತಿರುಗಿಸಿದರೆ ಕಲ್ಲು ಕಾದು ಪುಡಿಯ ಬಣ್ಣವೂ ವಾಸನೆಯೂ ಕೆಡುತ್ತವೆ. ನಸುಕಿನಲ್ಲಿ ಬೀಸುಕಲ್ಲಿನ ಮುಂದೆ ಕೂತು ಜೋಳ ಬೀಸುತ್ತಿದ್ದ ನಮ್ಮ ಅಜ್ಜಿಗೆ ಈ ಲೆಕ್ಕ ಹೇಳಿದ್ದರೆ, ಅಷ್ಟು ಹಿಟ್ಟಿನಲ್ಲಿ ಒಂದು ರೊಟ್ಟಿಯೂ ಆಗುವುದಿಲ್ಲವಲ್ಲ ಎಂದು ನಗುತ್ತಿದ್ದಳು.

ಈ ಪೊಟ್ಟಣದ ಮಾಚಾ ಜಪಾನಿನ ಕಾಗೋಶಿಮಾ ಸೀಮೆಯದೆಂದು ಮೇಲೆ ಬರೆದಿದೆ. ಬಿಳಿ ಕಾಗದದ ಮೇಲೆ ಚಿಟಿಕೆಯಷ್ಟು ಹಾಕಿ ಬೆರಳಿನಿಂದ ಎಳೆದು ನೋಡಿದೆ. ಗೆರೆ ಒಡೆಯದೆ ನುಣ್ಣಗೆ ಹರಡಿತು, ಬಣ್ಣ ಎಳೆಯ ಹೆಸರುಕಾಳಿನ ಕಾಯಿಯಷ್ಟು ಹಸಿರು, ವಾಸನೆಯಲ್ಲಿ ಹಸಿ ಹುಲ್ಲಿನ ಛಾಯೆ. ಹಳೆಯದಾದ ಅಥವಾ ಬಿಸಿಲು ಕಂಡ ಮಾಚಾ ಹಳದಿಗೆ ತಿರುಗಿ ಒಣಹುಲ್ಲಿನ ವಾಸನೆ ಕೊಡುತ್ತದೆ. ಇದರಲ್ಲಿ ಆ ದೋಷವಿಲ್ಲ. ಕೊರತೆಯೆಂದರೆ ಕೊಯ್ಲಿನ ತಿಂಗಳನ್ನು ಎಲ್ಲಿಯೂ ನಮೂದಿಸಿಲ್ಲ, ಅದರ ಬದಲು ‘ಸೆರಿಮೋನಿಯಲ್ ಗ್ರೇಡ್’ (ಚಹಾ ಸಮಾರಂಭಕ್ಕೆ ತಕ್ಕ ದರ್ಜೆ) ಎಂದು ಚಿನ್ನದ ಅಕ್ಷರದಲ್ಲಿ ಬರೆದಿದ್ದಾರೆ. ಆ ಮಾತಿಗೆ ಕಾನೂನಿನ ಅಳತೆಗೋಲು ಇಲ್ಲ, ಮಾರುವವರು ತಮಗೆ ತೋಚಿದಂತೆ ಬರೆದುಕೊಳ್ಳಬಹುದು. ಅದಲ್ಲದೆ ನಿಜವಾಗಿ ಅಷ್ಟು ಉತ್ತಮ ದರ್ಜೆಯ ಪುಡಿಯನ್ನು ಬೆಣ್ಣೆ ಸಕ್ಕರೆಯಲ್ಲಿ ಕಲಸಿ ಒಲೆಗೆ ಇಡುವುದೂ ಜಾಣತನವಲ್ಲ. ಬೇಯಿಸಲು ಸ್ವಲ್ಪ ಹೆಚ್ಚು ಕಹಿಯಿರುವ, ಅಗ್ಗದ ಮಾಚಾವೇ ಮೇಲು, ಏಕೆಂದರೆ ಸಕ್ಕರೆಯನ್ನು ಎದುರಿಸಿ ನಿಲ್ಲಲು ಆ ಕಹಿ ಬೇಕಾಗುತ್ತದೆ.

ಇನ್ನು ಹಿಟ್ಟು. ಮೊದಲನೆಯ ಸಲ ಪೊಟ್ಟಣದ ಮೇಲಿನ ಸೂಚನೆಯನ್ನು ಅಕ್ಷರಶಃ ಪಾಲಿಸಿದೆ. ಕೋಣೆಯ ಉಷ್ಣಾಂಶದಲ್ಲಿರುವ ಮೆತ್ತನೆಯ ಬೆಣ್ಣೆ ತೆಗೆದುಕೊಳ್ಳಿ ಎಂದು ಅದರಲ್ಲಿ ಬರೆದಿದೆ. ಏಪ್ರಿಲ್ ಕೊನೆಯ ವಾರದ ವಿಜಯಪುರದಲ್ಲಿ ಕೋಣೆಯ ಉಷ್ಣಾಂಶಕ್ಕೆ ಬಿಟ್ಟ ಬೆಣ್ಣೆ ಬೆಣ್ಣೆಯಾಗಿ ಉಳಿಯುವುದಿಲ್ಲವೆಂಬುದು ಬರೆದವರಿಗೆ ತಿಳಿದಿರಲಾರದು. 180 ಡಿಗ್ರಿಯಲ್ಲಿ 15 ನಿಮಿಷ ಬೇಯಿಸಿದ ಮೇಲೆ ಓಟಿಜಿಯಿಂದ (ಚಿಕ್ಕ ವಿದ್ಯುತ್ ಓವನ್) ಹೊರಬಂದದ್ದು ಒಂದಕ್ಕೊಂದು ಅಂಟಿಕೊಂಡ ತೆಳ್ಳನೆಯ ಹಪ್ಪಳಗಳು. ಅಂಚು ಕಂದು, ನಡುವೆ ಪಾಚಿಯ ಬಣ್ಣ. ಬಾಯಿಗೆ ಹಾಕಿಕೊಂಡರೆ ಅಕ್ಕಿ ಹಿಟ್ಟಿನ ತರಿ ಹಲ್ಲಿಗೆ ಸಿಗುತ್ತಿತ್ತು, ಕೈಯಲ್ಲಿ ಹಿಡಿದರೆ ಉದುರುತ್ತಿತ್ತು. ಹುಡುಗಿ ಒಂದು ತುಂಡು ತಿಂದು, ‘ಬೇವಿನ ತಪ್ಪಲಾ ಹಾಕೀರೇನ್ರಿ ಕಾಕಾ?’ ಎಂದು ಕೇಳಿದಳು.

ಬಣ್ಣ ಕೆಡಲು ಕಾರಣವುಂಟು. ಪತ್ರಹರಿತ್ತಿನ ಅಣುವಿನ ನಡುವೆ ಮೆಗ್ನೀಸಿಯಂ ಇರುತ್ತದೆ. ಶಾಖವೂ ಹುಳಿಯೂ ತಾಗಿದಾಗ ಅದು ಕಳಚಿಕೊಂಡು ಹೋಗಿ ಹಸಿರು ಬಣ್ಣ ಆಲಿವ್ ಕಂದಿಗೆ ತಿರುಗುತ್ತದೆ. ಮೆಂತ್ಯಸೊಪ್ಪಿನ ಪಲ್ಯ ಬಹಳ ಹೊತ್ತು ಬೆಂದರೆ ಕಪ್ಪಿಡುವುದೂ ಇದೇ ಕಾರಣಕ್ಕೆ. ಅದರ ಮೇಲೆ ಬೆಣ್ಣೆ ಸಕ್ಕರೆ ಕೆಂಪಗಾಗುವ ಬಣ್ಣವೂ ಸೇರಿದರೆ ಹಸಿರಿಗೆ ಜಾಗವೇ ಇಲ್ಲ. ಆದ್ದರಿಂದ ಎರಡನೆಯ ಸಲ ಅದೇ ಮಿಶ್ರಣಕ್ಕೆ ಹುಳಿಯನ್ನು ಮುರಿಯಲು ಕಾಲು ಚಮಚ ಅಡುಗೆ ಸೋಡಾ ಸೇರಿಸಿ, ಕಣಕವನ್ನು ಒಂದು ಗಂಟೆ ಫ್ರಿಜ್ಜಿನಲ್ಲಿಟ್ಟು, ಉರಿಯನ್ನು 150 ಡಿಗ್ರಿಗೆ ಇಳಿಸಿ, ಮೇಲೆ ಅಲ್ಯೂಮಿನಿಯಂ ಹಾಳೆ ಮುಚ್ಚಿ 14 ನಿಮಿಷ ಬೇಯಿಸಿದೆ. ಬಣ್ಣ ಗೆದ್ದಿತು. ತರಿಯೂ ಪುಡಿಯಾಗಿ ಉದುರುವ ಗುಣವೂ ಹಾಗೆಯೇ ಉಳಿದವು. ಸೋಡಾ ಕಾಲು ಚಮಚ ದಾಟಬಾರದು, ದಾಟಿದರೆ ಸಾಬೂನಿನ ರುಚಿ ಬರುತ್ತದೆ.

ಹಿಟ್ಟನ್ನೇ ಬದಲಾಯಿಸುವ ಯೋಚನೆ ನನ್ನ ಹೆಂಡತಿಯದು. ಗೋದಿಯ ಹಿಟ್ಟಿಗೆ ನೀರು ಬಿದ್ದಾಗ ಎಳೆಎಳೆಯಾಗಿ ಹಿಡಿದುಕೊಳ್ಳುವ ಬಲ ಗ್ಲುಟೆನ್ನಿನದು. ಅದಿಲ್ಲದ ಹಿಟ್ಟಿನಿಂದ ಹಾಳೆಯಂಥ ರೊಟ್ಟಿ ಬಡಿಯುವ ವಿದ್ಯೆ ನಮ್ಮ ಭಾಗದ ಹೆಣ್ಣುಮಕ್ಕಳಿಗೆ ಎಂದಿನಿಂದಲೂ ಗೊತ್ತಿರುವಾಗ, ಯಾರೋ ಕಳಿಸಿದ ಅಕ್ಕಿ ಹಿಟ್ಟಿನ ಚೀಲದ ಮುಂದೆ ತಲೆ ಕೆಡಿಸಿಕೊಳ್ಳುವುದೇಕೆ ಎಂಬುದು ಅವಳ ವಾದ. ಮಾಲದಂಡಿ ಬಿಳಿಜೋಳದ ಹೊಸ ಹಿಟ್ಟಿಗೆ ಒಳ್ಳೆಯ ಜಿಗಿ ಇರುತ್ತದೆ. ಮೂರನೆಯ ಸಲ ರೊಟ್ಟಿಯ ಕ್ರಮದಂತೆ ಎಸರಿಟ್ಟು, ಕುದಿಯುವ ನೀರಿನಲ್ಲಿ ಸ್ವಲ್ಪ ಹಿಟ್ಟನ್ನು ಕಲಸಿ ಜಿಗಿ ತರಿಸಿ, ಅದಕ್ಕೆ ಬೆಣ್ಣೆ ಸಕ್ಕರೆ ಸೇರಿಸಿದೆವು. ಹಿಡಿತವೇನೋ ಬಂದಿತು, ಆದರೆ ಮರುದಿನಕ್ಕೆ ಬಿಸ್ಕೀಟುಗಳು ಕಟಕ್ ರೊಟ್ಟಿಗೆ ತಮ್ಮಂದಿರಾಗಿದ್ದವು. ಚಹಾದಲ್ಲಿ ಅದ್ದದೆ ತಿನ್ನುವ ಹಾಗಿರಲಿಲ್ಲ.

ನಾಲ್ಕನೆಯ ಸಲ ಸರಿಹೋಯಿತು. ಈ ಸಲದ ಅಳತೆಯನ್ನು ಪೂರ್ತಿ ಕೊಡುತ್ತೇನೆ. ವಸ್ತ್ರಗಾಳಿಸಿದ ಬಿಳಿಜೋಳದ ಹಿಟ್ಟು 150 ಗ್ರಾಂ, ಮೆಕ್ಕೆಜೋಳದ ಪಿಷ್ಟ 40 ಗ್ರಾಂ, ಪುಡಿ ಮಾಡಿದ ಸಕ್ಕರೆ 90 ಗ್ರಾಂ, ಬೆಣ್ಣೆ 110 ಗ್ರಾಂ, ಮಾಚಾ 8 ಗ್ರಾಂ, ಅಡುಗೆ ಸೋಡಾ ಕಾಲು ಚಮಚ, ಚಿಟಿಕೆ ಉಪ್ಪು. ಕ್ಸಾಂಥಾನ್ ಗಮ್ಮಿನ ಬದಲು ಅಗಸಿ: ಒಂದು ದೊಡ್ಡ ಚಮಚ ಇಡೀ ಅಗಸಿಯನ್ನು ಅರ್ಧ ಲೋಟ ನೀರಿನಲ್ಲಿ ಐದಾರು ನಿಮಿಷ ಕುದಿಸಿ, ಬಿಸಿಯಿರುವಾಗಲೇ ಸೋಸಿದರೆ ಮೊಟ್ಟೆಯ ಬಿಳಿಯಂಥ ಲೋಳೆ ಸಿಗುತ್ತದೆ, ಆರಿದ ಮೇಲೆ ಸೋಸಲು ಹೋದರೆ ಅದು ಬಟ್ಟೆಯಿಂದ ಇಳಿಯುವುದೇ ಇಲ್ಲ. ಆರಿದ ಲೋಳೆಯಲ್ಲಿ ಎರಡು ದೊಡ್ಡ ಚಮಚ ಸಾಕು. ಅಗಸಿಯನ್ನು ಪುಡಿ ಮಾಡಿ ಹಾಕಿದರೂ ಹಿಡಿತ ಬರುತ್ತದೆ, ಆದರೆ ಹಸಿರಿನ ಮೇಲೆ ಕಂದು ಚುಕ್ಕೆಗಳು ಕಾಣುತ್ತವೆ. ಬೆಣ್ಣೆ ಸಕ್ಕರೆಯನ್ನು ನಾದಿ, ಲೋಳೆ ಸೇರಿಸಿ, ಮಾಚಾ ಮತ್ತು ಸೋಡಾವನ್ನು ಹಿಟ್ಟಿನ ಜೊತೆ ಮೂರು ಸಲ ಜರಡಿ ಹಿಡಿದು ಬೆರೆಸಿ, ಫ್ರಿಜ್ಜಿನಲ್ಲಿ ಒಂದು ಗಂಟೆಯಾದರೂ ಇಡಬೇಕು. ಈ ವಿರಾಮ ಬೆಣ್ಣೆ ಗಟ್ಟಿಯಾಗಲೆಂದು ಮಾತ್ರವಲ್ಲ, ಜೋಳದ ಹಿಟ್ಟು ತೇವ ಕುಡಿದು ತರಿ ಕಳೆದುಕೊಳ್ಳಲೆಂದೂ ಹೌದು. 150 ಡಿಗ್ರಿ, 14 ನಿಮಿಷ. ಹೊರತೆಗೆದಾಗ ಮೆತ್ತಗಿರುತ್ತವೆ, ಕೈ ಹಚ್ಚದೆ ತಟ್ಟೆಯಲ್ಲೇ ಕಾಲು ಗಂಟೆ ಬಿಡಬೇಕು. ಮಹಾಲಿಂಗಪುರದ ಬೆಲ್ಲ ಮನೆಯಲ್ಲಿದೆಯೆಂದು ಸಕ್ಕರೆಯ ಬದಲು ಅದನ್ನು ಹಾಕುವ ಆಸೆ ಬೇಡ, ಬಣ್ಣ ಕಂದಾಗಿ ಮಾಚಾ ಹಾಕಿದ್ದೇ ಗೊತ್ತಾಗುವುದಿಲ್ಲ. ಜೋಳದ ತೆಳುವಾದ ಸಿಹಿ, ಮಾಚಾದ ಕಹಿ ಎರಡೂ ಒಂದರ ಹಿಂದೊಂದು ನಾಲಿಗೆಗೆ ತಾಗುವ ಈ ಬಿಸ್ಕೀಟನ್ನು ಸಿಲಿಯಾಕ್ ಇಲ್ಲದ ನಾವೂ ಕೇಳಿ ಪಡೆದು ತಿಂದೆವು.

ಇಷ್ಟು ಓದಿ ಯಾರಾದರೂ ಗಿರಣಿಯಿಂದ ಜೋಳದ ಹಿಟ್ಟು ತಂದು ಸಿಲಿಯಾಕ್ ಇರುವ ಮಗುವಿಗೆ ಮಾಡಿಕೊಟ್ಟರೆ ನನ್ನ ವಿಮರ್ಶೆಯಿಂದ ಕೆಡುಕೇ ಆದೀತು. ಓಣಿಯ ಗಿರಣಿಯಲ್ಲಿ ನಮಗಿಂತ ಮುಂದಿನವರು ಗೋದಿ ಬೀಸಿಸಿಕೊಂಡು ಹೋಗಿದ್ದರೆ ಕಲ್ಲಿನಲ್ಲೂ ಚೀಲದಲ್ಲೂ ಉಳಿದ ಗೋದಿ ನಮ್ಮ ಹಿಟ್ಟಿಗೆ ಬರುತ್ತದೆ. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ ನಿಯಮದಂತೆ ಗ್ಲುಟೆನ್‌ರಹಿತವೆಂದು ಮಾರುವ ಆಹಾರದಲ್ಲಿ ಗ್ಲುಟೆನ್ ಪ್ರಮಾಣ ಕಿಲೋಗ್ರಾಮಿಗೆ 20 ಮಿಲಿಗ್ರಾಂ ಮೀರಬಾರದು. ಒಂದು ಹಿಡಿ ಗೋದಿ ಹಿಟ್ಟು ಒಂದು ಚೀಲ ಜೋಳದ ಹಿಟ್ಟನ್ನು ಆ ಮಿತಿಯಿಂದ ಬಹುದೂರ ದಾಟಿಸಬಲ್ಲದು. ನಾವು ಜೋಳವನ್ನು ಹರವಿಕೊಂಡು, ಗೋದಿಯ ಒಂದು ಕಾಳೂ ಉಳಿಯದಂತೆ ಹಸನು ಮಾಡಿ, ತೊಳೆದು ಒಣಗಿಸಿ, ಬೇರೆ ಯಾವುದಕ್ಕೂ ಬಳಸದ ಮಿಕ್ಸರ್ ಜಾರಿನಲ್ಲಿ ಬೀಸಿ, ಬಟ್ಟೆಯಲ್ಲಿ ಗಾಳಿಸುತ್ತೇವೆ. ಹಳೆಯ ಮಣೆ ಲಟ್ಟಣಿಗೆಗಳನ್ನೂ ಬದಲಾಯಿಸಿದ್ದೇವೆ. ಜವೆಗೋದಿ ದೇಹಕ್ಕೆ ಒಳ್ಳೆಯದು, ಅದು ಗೋದಿಯ ಲೆಕ್ಕಕ್ಕೆ ಬರುವುದಿಲ್ಲ ಎಂಬ ಮಾತು ನಮ್ಮ ಕಡೆ ಬಹಳ. ಜವೆಗೋದಿಯಲ್ಲಿಯೂ ಗ್ಲುಟೆನ್ ಇದೆ. ಪೇಟೆಯ ಹಿಂಗಿನಲ್ಲೂ ಅನೇಕ ಸಲ ಗೋದಿ ಹಿಟ್ಟು ಬೆರೆತಿರುತ್ತದೆ. ಬಿಸ್ಕೀಟಿಗೂ ಹಿಂಗಿಗೂ ಸಂಬಂಧವಿಲ್ಲ, ನಿಜ, ಆದರೆ ಅದು ಗೊತ್ತಾಗಲು ನಮಗೆ ನಾಲ್ಕು ತಿಂಗಳು ಹಿಡಿದಿತ್ತು.

ಈ ವಿಷಯದಲ್ಲಿ ಮಾತ್ರ ಪೊಟ್ಟಣದವರನ್ನು ಹೊಗಳಬೇಕು. ನನಗೆ ಬಂದ ಸರಕಿನ ಗ್ಲುಟೆನ್ ಪರೀಕ್ಷೆಯ ವರದಿ ಬೇಕೆಂದು ಬರೆದು ಕೇಳಿದಾಗ ಮೂರನೆಯ ದಿನಕ್ಕೆ ಪ್ರಯೋಗಾಲಯದ ಹಾಳೆಯನ್ನೇ ಕಳಿಸಿದರು, ಫಲಿತಾಂಶ ಮಿತಿಯೊಳಗಿತ್ತು. ಹಿಟ್ಟಿನ ತರಿಯ ಬಗ್ಗೆ ಬರೆದ ದೂರಿಗೆ ಮಾತ್ರ, ನೀವು ಬೆಣ್ಣೆಯನ್ನು ಸಾಕಷ್ಟು ನಾದಿಲ್ಲವೇನೋ ಎಂಬ ಉತ್ತರ ಬಂತು.

ಮಕ್ಕಳಿಗೆ ಕೊಡುವವರು ಇನ್ನೊಂದನ್ನು ಗಮನಿಸಬೇಕು. ಮಾಚಾದಲ್ಲಿ ಎಲೆಯನ್ನೇ ತಿನ್ನುವುದರಿಂದ ಗ್ರಾಮಿಗೆ ಸುಮಾರು 20ರಿಂದ 45 ಮಿಲಿಗ್ರಾಂ ಕೆಫೀನ್ ಹೊಟ್ಟೆಗೆ ಹೋಗುತ್ತದೆ. 24 ಬಿಸ್ಕೀಟಿಗೆ 8 ಗ್ರಾಂ ಎಂದರೆ ಒಂದೊಂದರಲ್ಲಿ 7ರಿಂದ 15 ಮಿಲಿಗ್ರಾಂ. ಎರಡು ತಿಂದರೆ ಅಡ್ಡಿಯಿಲ್ಲ, ರಾತ್ರಿ ಆರು ತಿಂದರೆ ನಿದ್ದೆ ದೂರ. ಸಿಲಿಯಾಕ್ ಇರುವವರಲ್ಲಿ ಕಬ್ಬಿಣಾಂಶದ ಕೊರತೆ ಸಾಮಾನ್ಯ, ಚಹಾದ ಒಗರು ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ. ಹಾಗಾಗಿ ನಮ್ಮ ಹುಡುಗಿಗೆ ಇವು ಸಂಜೆ ನಾಲ್ಕರ ತಿಂಡಿ, ಊಟದ ಹೊತ್ತಿನಲ್ಲೂ ಕಬ್ಬಿಣದ ಮಾತ್ರೆಯ ಹೊತ್ತಿನಲ್ಲೂ ಇಲ್ಲ.

ಪೊಟ್ಟಣದಿಂದ ಮಾಡಿದರೆ ಒಂದು ಸಲಕ್ಕೆ ಬೆಣ್ಣೆ ಬಿಟ್ಟು 345 ರೂಪಾಯಿ. ಅದೇ ಕಂಪನಿಯವರು ಮಾಚಾವನ್ನಷ್ಟೇ 30 ಗ್ರಾಮಿನ ಡಬ್ಬಿಯಲ್ಲಿ 850 ರೂಪಾಯಿಗೆ ಮಾರುತ್ತಾರೆ. ಜೋಳ, ಪಿಷ್ಟ, ಸಕ್ಕರೆ, ಅಗಸಿ ಸೇರಿಸಿ ಲೆಕ್ಕ ಹಾಕಿದರೂ ಒಂದು ಸಲಕ್ಕೆ 250ರ ಆಸುಪಾಸಿನಲ್ಲಿ ಮುಗಿಯುತ್ತದೆ. ಓವನ್ ಹೊಸದಾಗಿ ಕೊಂಡವರು, ಹಿಟ್ಟು ಹಸನು ಮಾಡಲು ಪುರುಸೊತ್ತಿಲ್ಲದವರು ಪೊಟ್ಟಣವನ್ನೇ ತರಿಸಿ, ಸೂಚನೆಯ ಚೀಟಿಯನ್ನು ಬದಿಗಿಟ್ಟು, ಮೇಲೆ ಹೇಳಿದ ಉರಿಯಲ್ಲಿ ಬೇಯಿಸಲಿ. ನಾನು ಡಬ್ಬಿಯನ್ನು ತರಿಸಿದ್ದೇನೆ. ಗಾಳಿಯಾಡದ ಇನ್ನೊಂದು ಡಬ್ಬಿಯೊಳಗೆ ಸೇರಿ ಅದು ಫ್ರಿಜ್ಜಿನ ಮೇಲಿನ ಅರೆಯಲ್ಲಿದೆ. ಉಳಿದುಹೋದ ಅಕ್ಕಿ ಹಿಟ್ಟಿನ ಎರಡು ಚೀಲಗಳು ಈ ವಾರ ಚಕ್ಕಲಿಗೆ ಹೋಗಲಿವೆ, ಅವುಗಳಲ್ಲಿರುವ ಸಕ್ಕರೆಯನ್ನು ಏನು ಮಾಡುವುದೆಂದು ಹೆಂಡತಿ ಇನ್ನೂ ಕೇಳುತ್ತಿದ್ದಾಳೆ.